ನೀಲಿ ಶೇಂಗಾ

ಹಲಸೂರು, ಬೆಂಗಳೂರು
೨೨ ನವೆಂಬರ್ ೧೯೯೮

ಪ್ರೀತಿಯ ಮಾವನಿಗೆ ಶಿವಲೀಲಾಳ ನಮಸ್ಕಾರ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲಿಲ್ಲವೆಂದು ಸಿಟ್ಟಾಗಬೇಡಿ. ನಿಮ್ಮ ಎಣ್ಣೆ ಗಿರಣಿಯ ಫೋನಿನಲ್ಲಿ ಮಾತಾಡಿದರೆ ಗದಗಿನ ಅರ್ಧ ಪೇಟೆ ಕೇಳಿಸಿಕೊಳ್ಳುತ್ತದೆ. ಹಮಾಲರು ಕೂಡ ನಡುವೆ ಬಾಯಿ ಹಾಕುತ್ತಾರೆ. ಆದ್ದರಿಂದ ಇನ್ನು ಮೇಲೆ ಪತ್ರ.

ಹಾಸ್ಟೆಲ್ ಬಿಟ್ಟು ಹಲಸೂರಿನಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಮನೆಯ ಯಜಮಾನರು ವೆಂಕಟಸುಬ್ಬಯ್ಯ, ಟೆಲಿಫೋನ್ ಕಾರ್ಖಾನೆಯಿಂದ ನಿವೃತ್ತರಾದವರು. ಅವರ ಹೆಂಡತಿ ಶೇಷಮ್ಮ. ಮದುವೆಯಾಗಿ ಹೋದ ಮಗಳ ಕೋಣೆಯನ್ನು ನನಗೆ ಕೊಟ್ಟಿದ್ದಾರೆ. ಅವಳಿಗೆ ಹೇಳಿ ಉಳಿದ ಬುದ್ಧಿಮಾತನ್ನೂ ನನಗೇ ಕೊಡುತ್ತಿದ್ದಾರೆ. ಮಹದೇವಪುರದ ಹತ್ತಿರವಿರುವ ನಮ್ಮ ಸಂಶೋಧನಾ ಕೇಂದ್ರಕ್ಕೆ ಇಲ್ಲಿಂದ ನೇರ ಬಸ್ಸಿದೆ, ಹತ್ತಲು ಜಾಗ ಸಿಕ್ಕಿದರೆ.

"ಬೀಜದಾಗ ಎಣ್ಣಿ ದೇವರ ಇಟ್ಟಾನ, ನೀ ಏನ್ ಮಾಡ್ತಿ ಅಲ್ಲೆ?" ಎಂದು ಕೇಳಿದಿರಿ. ಎಣ್ಣೆ ದೇವರೇ ಇಟ್ಟಿದ್ದಾನೆ, ಆದರೆ ಶೇಂಗಾ ಎಣ್ಣೆ ಬೇಗ ಕಮಟು ಹಿಡಿಯುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಎಣ್ಣೆಯ ಗುಣ ಬದಲಿಸಿ, ಬಹುಕಾಲ ಕೆಡದಂತೆ ಮಾಡುವ ಒಂದು ಜೀನನ್ನು ಗಿಡಕ್ಕೆ ಸೇರಿಸಿದ್ದೇವೆ. ಅದು ಗಿಡದ ಮೈತುಂಬ ಕೆಲಸ ಮಾಡಿದರೆ ಎಲೆ ಸೊರಗಿ ಗಿಡ ಕುಳ್ಳಾಗುತ್ತದೆ. ಹಾಗಾಗಿ ಬೀಜದಲ್ಲಿ ಮಾತ್ರ ಕೆಲಸ ಮಾಡಿ, ಎಲೆ, ಕಾಂಡ, ಬೇರುಗಳಲ್ಲಿ ತೆಪ್ಪಗಿರುವಂತೆ ಒಂದು ಸ್ವಿಚ್ಚು ಜೋಡಿಸಬೇಕು. ಆ ಸ್ವಿಚ್ಚೇ ನನ್ನ ಕೆಲಸ.

ಎಲ್ಲ ಕಡೆ ಇರುವ ಜೀನು ಒಂದೇ ಕಡೆ ಹೇಗೆ ಕೆಲಸ ಮಾಡುತ್ತದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಮಾವ, ಗಿರಣಿಯಲ್ಲಿದ್ದಾಗ ನಿಮ್ಮ ದನಿ ರೈಲ್ವೆ ಸ್ಟೇಶನ್ನಿಗೆ ಕೇಳಿಸುತ್ತದೆ. ಮನೆಗೆ ಬಂದು ಪಾರ್ವತೆವ್ವ ಅತ್ತೆಯ ಎದುರು ಊಟಕ್ಕೆ ಕೂತಾಗ ಉಪ್ಪು ಕೇಳುವುದಕ್ಕೂ ಹೆದರುತ್ತೀರಿ. ಎರಡೂ ಕಡೆ ಇರುವವರು ಒಬ್ಬರೇ ಸಂಗನಬಸಪ್ಪನವರು. ಸ್ವಿಚ್ಚು ಎಂದರೆ ಅತ್ತೆ.

ಸ್ವಿಚ್ಚು ಎಲ್ಲಿ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಜೊತೆಗೆ ಒಂದು ಗುರುತಿನ ಜೀನನ್ನೂ ಸೇರಿಸಿರುತ್ತೇವೆ. ಗಿಡದ ಚೂರನ್ನು ಒಂದು ದ್ರಾವಣದಲ್ಲಿ ನೆನೆಹಾಕಿದರೆ, ಸ್ವಿಚ್ಚು ಒತ್ತಿರುವ ಕಡೆ ಮಾತ್ರ ನೀಲಿಯಾಗುತ್ತದೆ. ಎಲೆ ನೀಲಿಯಾಗಲಿಲ್ಲ, ಬೇರೂ ಆಗಲಿಲ್ಲ. ಅದು ಒಳ್ಳೆಯ ಸುದ್ದಿ. ಬೀಜ ಈಗಷ್ಟೇ ಬಲಿತಿದೆ, ಒಂದು ಹಿಡಿಯೂ ಇಲ್ಲ. ಫೆಬ್ರವರಿಯಲ್ಲಿ ಸಮಿತಿಯ ಎದುರು ಆ ಬೀಜ ನೀಲಿಯಾಗುವುದನ್ನೂ ಅದರ ಎಣ್ಣೆ ಬದಲಾಗಿರುವುದನ್ನೂ ತೋರಿಸಬೇಕು.

ನಿಮಗೆ ಕೊಟ್ಟ ಮಾತು ನೆನಪಿದೆ. ಯುಗಾದಿಯೊಳಗೆ ಕೆಡದ ಎಣ್ಣೆ ತೋರಿಸದಿದ್ದರೆ ಗದಗಿಗೆ ಬಂದು ನಿಮ್ಮ ಮಗ ಪ್ರವೀಣನನ್ನು ಮದುವೆಯಾಗುತ್ತೇನೆ. ಆದರೆ ತೋರಿಸುತ್ತೇನೆ, ನೋಡುತ್ತಿರಿ.

ನಿಮ್ಮ
ಶಿವಲೀಲಾ


ಗದಗ
೩ ಡಿಸೆಂಬರ್ ೧೯೯೮

ಚಿ. ಶಿವಲೀಲಾಗೆ ಮಾವನ ಆಶೀರ್ವಾದ. ಆಶೀರ್ವಾದ ಮುಗಿಯಿತು, ಇನ್ನು ಸಿಟ್ಟು.

ನನ್ನ ಕನ್ನಡಕದ ಕಾಲು ಮುರಿದಿದ್ದರಿಂದ ನಿನ್ನ ಪತ್ರವನ್ನು ಪ್ರವೀಣನ ಕೈಗೆ ಕೊಟ್ಟು ಗಿರಣಿಯಲ್ಲೇ ಗಟ್ಟಿಯಾಗಿ ಓದಿಸಿದೆ. ಸ್ವಿಚ್ಚಿನ ಮಾತು ಬಂದಾಗ ಹಮಾಲರು ಚೀಲ ಕೆಳಗಿಟ್ಟು ನಕ್ಕರು. ಒಬ್ಬನಂತೂ ನಗುತ್ತಾ ಹಿಂಡಿಯ ರಾಶಿಯ ಮೇಲೆ ಬಿದ್ದ. ಸುದ್ದಿ ಮನೆಗೂ ಹೋಯಿತು. ನಿನ್ನ ಅತ್ತೆ, "ನಮ್ಮ ಹುಡುಗಿ ಕಲಿತದ್ದು ಸಾರ್ಥಕಾತು ನೋಡ್ರಿ" ಎಂದು ಆ ಹಾಳೆಯನ್ನು ಮಡಚಿ ದೇವರ ಜಗುಲಿಯ ಮೇಲಿಟ್ಟಿದ್ದಾಳೆ. ನಾನು ದಿನಾ ಪೂಜೆಗೆ ಕೂತಾಗ ಅದಕ್ಕೂ ಕೈಮುಗಿಯಬೇಕಾಗಿದೆ.

ಇರಲಿ. ಎಣ್ಣೆ ಕಮಟು ಹಿಡಿಯುವುದಿಲ್ಲ ಎಂದು ಬರೆದಿದ್ದೀಯಲ್ಲ, ಅದು ಖರೆಯೋ? ಖರೆಯಾದರೆ ಸಂಕ್ರಾಂತಿಗೆ ಬರುವಾಗ ಆ ಬೀಜ ನಾಕು ಕಾಳು ಸೆರಗಿನಲ್ಲಿ ಕಟ್ಟಿಕೊಂಡು ಬಾ. ಹಿತ್ತಲಲ್ಲಿ ಊರೋಣ. ಯಾರಿಗೂ ಹೇಳುವುದಿಲ್ಲ, ಹಮಾಲರಿಗೂ ಹೇಳುವುದಿಲ್ಲ. ರಾಯಚೂರಿನ ಕಡೆ ಇಂಥದೇ ಏನೋ ಹತ್ತಿಯನ್ನು ರೈತರು ಕಿತ್ತು ಸುಟ್ಟರೆಂದು ಪೇಪರಿನಲ್ಲಿ ಬಂದಿದೆ. ನಿನ್ನದು ಆ ಪಾರ್ಟಿಯೋ, ಬೇರೆಯೋ? ತಿಳಿಸು.

ಪ್ರವೀಣ ನಿನ್ನ ಪತ್ರವನ್ನು ಬಹಳ ಆಸ್ಥೆಯಿಂದ ಓದಿದ. ಯುಗಾದಿಯ ಮಾತು ಬಂದಾಗ ಹುಡುಗನ ದನಿ ನಡುಗಿತು. ನಿನ್ನ ಮೇಲೆ ಅಷ್ಟು ಜೀವ ಅವನಿಗೆ. ಬಾಯಿಬಿಟ್ಟು ಹೇಳುವವನಲ್ಲ, ನಾನೇ ಅರ್ಥ ಮಾಡಿಕೊಳ್ಳುತ್ತೇನೆ.

ಸಂಗನಬಸಪ್ಪ


ಹಲಸೂರು
೨೦ ಡಿಸೆಂಬರ್ ೧೯೯೮

ಪ್ರೀತಿಯ ಮಾವನಿಗೆ,

ನಾಕು ಕಾಳಲ್ಲ, ಕಾಲು ಕಾಳನ್ನೂ ತರುವ ಹಾಗಿಲ್ಲ. ಈ ಬೀಜ ಸರ್ಕಾರದ ಅನುಮತಿ ಇಲ್ಲದೆ ಗಾಜಿನ ಮನೆಯಿಂದ ಹೊರಗೆ ಹೋಗಬಾರದು. ಹೊಲಕ್ಕೆ ಬೀಳಬಾರದು, ಯಾರ ಹೊಟ್ಟೆಗೂ ಹೋಗಬಾರದು. ತಿಂದವರು ಸಾಯುತ್ತಾರೆಂದಲ್ಲ. ಪೂರ್ತಿ ಪರೀಕ್ಷೆಯಾಗದ ಯಾವುದನ್ನೂ ಜನರಿಗೆ ತಿನ್ನಿಸಬಾರದು ಎಂಬುದು ನಿಯಮ, ಅದು ಸರಿಯಾದ ನಿಯಮವೇ. ನಮ್ಮ ಗೈಡ್ ರಂಜನಾ ಮೇಡಂ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹೋದ ತಿಂಗಳು ಒಬ್ಬ ಹುಡುಗನ ಅಂಗಿಯ ಮಡಿಕೆಯಲ್ಲಿ ಪ್ರಯೋಗದ ಸಾಸಿವೆಯ ಎರಡು ಕಾಳು ಸಿಕ್ಕಿಕೊಂಡಿದ್ದಕ್ಕೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಅಂಗಿ ಒದರಿಸಿದರು. ನೋಡಿ ನನಗೆ ಹೆಮ್ಮೆಯಾಯಿತು. ಶಿಸ್ತು ಎಂದರೆ ಹಾಗಿರಬೇಕು.

ನಮ್ಮದು ಹತ್ತಿಯ ಪಾರ್ಟಿ ಅಲ್ಲ. ಆದರೂ ಗಲಾಟೆ ನೋಡಿ ಮೇಡಂಗೆ ದಿಗಿಲಾಗಿದೆ, ಕೇಂದ್ರದ ಬೋರ್ಡಿನ ಮೇಲಿದ್ದ ದೊಡ್ಡ ಅಕ್ಷರಗಳನ್ನು ಅಳಿಸಿ ಸಣ್ಣದಾಗಿ ಬರೆಸಿದ್ದಾರೆ.

ಸಂಕ್ರಾಂತಿಗೆ ಬರಲಾಗುವುದಿಲ್ಲ. ಕೆಲಸವಿದೆ. ಅತ್ತೆಗೆ ನಮಸ್ಕಾರ ಹೇಳಿ, ಆ ಹಾಳೆಯನ್ನು ದಯವಿಟ್ಟು ಜಗುಲಿಯಿಂದ ಇಳಿಸಲು ಹೇಳಿ.

ಶಿವಲೀಲಾ


ಹಲಸೂರು
೧೨ ಜನವರಿ ೧೯೯೯

ಮಾವನಿಗೆ,

ಅತ್ತೆ ಕಳಿಸಿದ ಕುಸುರೆಳ್ಳಿನ ಡಬ್ಬಿ ತಲುಪಿತು. ಶೇಷಮ್ಮನವರಿಗೆ ಕೊಟ್ಟೆ. "ಏನೇ ಇದು, ಬರೀ ಎಳ್ಳಿಗೆ ಸಕ್ಕರೆ ಕೋಟ್ ಹೊಡ್ದಿದಾರೆ!" ಎಂದು ಬೆರಗಾದರು. ಇಲ್ಲಿ ಎಳ್ಳು ಬೀರುವುದು ಎಂಬ ಗಡಿಬಿಡಿ ನಡೆದಿದೆ. ಇದು ಈ ಮನೆಯಲ್ಲಿ ನನಗೆ ಮೊದಲ ಸಂಕ್ರಾಂತಿ, ನಮ್ಮ ಕುಸುರೆಳ್ಳಿನ ಹಾಗೇ ಏನೋ ಮಾಡುತ್ತಾರೆ ಅಂದುಕೊಂಡಿದ್ದೇನೆ. ನಾನು ಅಡುಗೆಮನೆಯ ಕಡೆ ತಲೆ ಹಾಕುತ್ತಿಲ್ಲ.

ಕೇಂದ್ರದಲ್ಲಿ ಇಲಿಗಳ ಕಾಟ ಶುರುವಾಗಿದೆ. ಬೀಜದ ಕಪಾಟಿಗೆ ನುಗ್ಗಿ ಪಕ್ಕದ ಮೇಜಿನವರ ಸೂರ್ಯಕಾಂತಿಯನ್ನು ಸಿಪ್ಪೆ ಸಮೇತ ಮುಗಿಸಿವೆ. ಮೂರು ವರ್ಷದ ಕೆಲಸ. ಅವರು ಗಂಡಸಾದರೂ ಕೂತು ಅತ್ತರು. ಬೀಜವಿಡುವ ಫ್ರಿಜ್ಜಿಗೆ ಬೀಗ, ಬೀಗದ ಕೈ ಹಬ್ಬಕ್ಕೆ ರಜೆ ಹಾಕಿ ತಿರುಪತಿಗೆ ಹೋದ ಸ್ಟೋರಿನವರ ಜೇಬಿನಲ್ಲಿ. ನೀವು ಗಾಬರಿಯಾಗಬೇಡಿ, ನನ್ನ ಬೀಜ ಇಲಿ ಮುಟ್ಟಲಾಗದ ಭದ್ರವಾದ ಜಾಗದಲ್ಲಿದೆ.

ಶಿವಲೀಲಾ


ಹಲಸೂರು
೧೭ ಜನವರಿ ೧೯೯೯

ಮಾವನಿಗೆ,

ನಾನು ಆರಾಮ. ಹವೆ ಚೆನ್ನಾಗಿದೆ. ಇತ್ತೀಚೆಗೆ ಬಹಳ ನಡೆಯುತ್ತಿದ್ದೇನೆ, ಮೈಗೆ ಒಳ್ಳೆಯದು. ಹಲಸೂರು, ಮರ್ಫಿ ಟೌನ್ ಎಲ್ಲ ಸುತ್ತಿದೆ. ಇಲ್ಲಿಯ ಜನ ತುಂಬ ಒಳ್ಳೆಯವರು, ಮನೆಯೊಳಗೆ ಕರೆಯುತ್ತಾರೆ. ರೇಷ್ಮೆ ಸೀರೆ ಉಟ್ಟು ಬಸ್ಸು ಹತ್ತುವುದು ಕಷ್ಟ ಎಂದು ಗೊತ್ತಾಯಿತು.

ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ಹುರಿಯದ ಶೇಂಗಾ ಬಾಯಿಗೆ ಸಿಕ್ಕಿದರೆ ಜನ ಸಾಮಾನ್ಯವಾಗಿ ಉಗಿಯುತ್ತಾರೋ, ನುಂಗುತ್ತಾರೋ? ನೀವು ಅನುಭವಸ್ಥರು. ಸುಮ್ಮನೆ ಕೇಳಿದೆ. ಬೇಗ ತಿಳಿಸಿ.

ಶಿವಲೀಲಾ


ಗದಗ
೨೨ ಜನವರಿ ೧೯೯೯

ಶಿವಲೀಲಾ,

ನಮ್ಮಿಂದ ಏನನ್ನು ಮುಚ್ಚಿಡುತ್ತಿದ್ದೀ?

ನಮ್ಮ ಅಡತಿ ಅಂಗಡಿಯ ಗುಮಾಸ್ತನ ಅಳಿಯ ಕೆ.ಆರ್. ಪುರದಲ್ಲಿದ್ದಾನೆ. ಅವನು ನಿನ್ನನ್ನು ಮರ್ಫಿ ಟೌನಿನಲ್ಲಿ ಕಣ್ಣಾರೆ ಕಂಡನಂತೆ. ಕೈಯಲ್ಲಿ ತಟ್ಟೆ ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತು, "ಇನ್ನೂ ಸ್ವಲ್ಪ ಇದ್ರೆ ಕೊಡಿ, ಡಬ್ಬಿ ತಳದ್ದಾದ್ರೂ ಪರವಾಗಿಲ್ಲ" ಎಂದು ಬೇಡುತ್ತಿದ್ದೆಯಂತೆ. ಜೊತೆಗೆ ಇನ್ನೊಬ್ಬ ದೊಡ್ಡ ಹೆಂಗಸೂ ಬೇಡುತ್ತಿದ್ದಳಂತೆ, ಸಿಕ್ಕಿದ್ದರಲ್ಲಿ ಶೇಂಗಾ ಹೆಕ್ಕುತ್ತಿದ್ದಳಂತೆ. ನೋಡಲು ಒಳ್ಳೆಯ ಮನೆತನದವಳ ಹಾಗಿದ್ದಳು ಎಂದ. ಅವನಿಗೆ ನಾಚಿಕೆಯಾಗಿ ಮಾತಾಡಿಸದೆ ಬಂದನಂತೆ.

ನಿನ್ನ ಅತ್ತೆ ನಿನ್ನೆಯಿಂದ ಅಳುತ್ತಿದ್ದಾಳೆ. "ಕೂಸು ಉಪವಾಸ ಐತಿ, ನೀವು ಇಲ್ಲೆ ಹೊಟ್ಟಿ ತುಂಬ ರೊಟ್ಟಿ ತಿಂತೀರಿ" ಎಂದು ನನ್ನ ತಾಟನ್ನು ಎಳೆದುಕೊಂಡಳು. ಫೆಲೋಶಿಪ್ ಕೊಡುವುದನ್ನು ನಿಲ್ಲಿಸಿದರೇನು? ನಿಲ್ಲಿಸಿದರೆ ನಮಗೆ ಹೇಳುವುದಕ್ಕೇನು? ನಿನ್ನ ಅವ್ವ ಹೋದ ದಿನ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡವನು ನಾನು. ಎಣ್ಣೆ ಗಿರಣಿಯ ಸಂಗನಬಸಪ್ಪನ ಸೊಸೆ ಶೇಂಗಾಕ್ಕಾಗಿ ಕೈಚಾಚುವುದೇ?

ಬಸ್ಸಿನ ಮೇಲೆ ಒಂದು ಚೀಲ ಶೇಂಗಾ, ಒಂದು ಡಬ್ಬಿ ಎಣ್ಣೆ ಹಾಕಿಸಿದ್ದೇನೆ. ಹೊಟ್ಟೆತುಂಬ ತಿನ್ನು. ತಿಂದ ಮೇಲೆ ಹೊರಟು ಬಾ. ಯುಗಾದಿಯವರೆಗೆ ಕಾಯುವುದು ಬೇಡ, ಪ್ರವೀಣನಿಗೂ ಹೇಳಿದ್ದೇನೆ. ಅವನಿಗೆ ಜ್ವರ ಬಂದಿದೆ, ಸಂಭ್ರಮಕ್ಕೆ ಇರಬೇಕು.

ಹುರಿಯದ ಶೇಂಗಾ ಪ್ಯಾಟಿಯ ಮಂದಿ ಉಗಿಯುತ್ತಾರೆ, ನಮ್ಮವರು ನುಂಗುತ್ತಾರೆ. ಯಾಕೆ ಕೇಳಿದಿ?

ಸಂಗನಬಸಪ್ಪ


ಹಲಸೂರು
೨೬ ಜನವರಿ ೧೯೯೯

ಮಾವ,

ನಾನು ಬೇಡುತ್ತಿರಲಿಲ್ಲ. ಎಳ್ಳು ಬೀರುತ್ತಿದ್ದೆ. ಜೊತೆಗಿದ್ದವರು ರಂಜನಾ ಮೇಡಂ. ಅತ್ತೆಯ ಕಣ್ಣೀರು ಒರೆಸಿರಿ, ಈ ಪತ್ರವನ್ನು ಮಾತ್ರ ಗಿರಣಿಯಲ್ಲಿ ಓದಿಸಬೇಡಿ.

ಇಲಿಗೆ ಹೆದರಿ ನಾನು ಬೀಜದ ಕವರನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದಿದ್ದೆ. ಸಾಸಿವೆ ಹುಡುಗನ ಅಂಗಿ ಒದರಿಸಿದ್ದನ್ನು ನೋಡಿ ಹೆಮ್ಮೆಪಟ್ಟವಳು ನಾನೇ. ಶೇಷಮ್ಮನವರ ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಹಿಂದೆ ಇಟ್ಟೆ. ಹೇಳಿದರೆ ನೂರು ಪ್ರಶ್ನೆ ಕೇಳುತ್ತಾರೆಂದು ಹೇಳಲಿಲ್ಲ. ನಮ್ಮ ಮನೆಯ ಕುಸುರೆಳ್ಳಿನಲ್ಲಿ ಎಳ್ಳು ಸಕ್ಕರೆ ಬಿಟ್ಟರೆ ಬೇರೇನಿರುತ್ತದೆ? ಸಂಕ್ರಾಂತಿಯ ಎಳ್ಳಿಗೆ ಶೇಂಗಾ ಸೇರುತ್ತದೆಂದು ಗದಗಿನವಳಾದ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಹಬ್ಬದ ಸಂಜೆ ಶೇಷಮ್ಮ ಬೀರಿ ಬಂದು ನನ್ನ ಪಾಲಿನ ಪೊಟ್ಟಣ ಕೈಗಿಟ್ಟರು. ತೆರೆದರೆ ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ. ನಡುವೆ ಸಿಪ್ಪೆ ಸುಲಿಯದ ಹಸಿ ಶೇಂಗಾದ ಒಂದು ಹೋಳು.

"ಆಂಟಿ, ಈ ಶೇಂಗಾ ಎಲ್ಲಿಂದ ಬಂತು?"

"ಫ್ರಿಜ್ಜಲ್ಲಿತ್ತಲ್ಲೇ! ಹುರಿದಿಟ್ಟಿದ್ದು ಸಾಲ್ದೇ ಬಂತು. ನಿನ್ನ ಕವರ್ ಕಂಡ್ತು. ಅಷ್ಟು ತಾನೇ, ನಾಳೆ ತಂದಿಟ್ರಾಯ್ತು ಅಂತ ಹಾಕ್ಬಿಟ್ಟೆ."

"ಹುರಿದ್ರಾ?"

ಅವರು ಬಾಗಿಲ ಕಡೆ ನೋಡಿ ದನಿ ಇಳಿಸಿದರು. "ಗ್ಯಾಸ್ ಮುಗ್ದೋಯ್ತು ಕಣೇ. ಹಸೀದೇ ಹೋಳು ಮಾಡಿ ಹಾಕ್ದೆ. ಪುಣ್ಯ ಬರುತ್ತೆ, ಯಾರಿಗೂ ಹೇಳ್ಬೇಡ."

ನಾನು ಅವರ ಕಾಲಿಗೆ ಬಿದ್ದೆ. ಹುರಿದಿದ್ದರೆ ಬೀಜವೂ ಸಾಯುತ್ತಿತ್ತು, ಅದು ನೀಲಿಯೂ ಆಗುತ್ತಿರಲಿಲ್ಲ. ಹಸಿ ಶೇಂಗಾ ಬೀರಿದ್ದಕ್ಕೆ ಕಾಲಿಗೆ ಬಿದ್ದವರನ್ನು ಶೇಷಮ್ಮ ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ದೀರ್ಘಸುಮಂಗಲೀ ಭವ ಎಂದು ಅಭ್ಯಾಸಬಲದಿಂದ ಹರಸಿ, ಆಮೇಲೆ ಕಕ್ಕಾಬಿಕ್ಕಿಯಾಗಿ ನಿಂತರು.

ರಂಜನಾ ಮೇಡಂಗೆ ಆಗಲೇ ಫೋನ್ ಮಾಡಿ ಎಲ್ಲ ಹೇಳಿದೆ. "ಯಾರ್ಯಾರು ತಿಂದ್ರು?" ಎಂದರು. ಇಂದಿರಾನಗರದಿಂದ ಕಾರು ಓಡಿಸಿಕೊಂಡು ಬಂದು ಶೇಷಮ್ಮನವರ ಸೋಫಾದಲ್ಲಿ ಕುಸಿದರು. "ಪೇಪರ್‌ನೋರಿಗೆ ಗೊತ್ತಾದ್ರೆ ಮುಗೀತು ಶಿವಲೀಲಾ. ಹತ್ತೀನ ಹೊಲದಲ್ಲಿ ಹಾಕಿದ್ದಕ್ಕೇ ಬೆಂಕಿ ಇಟ್ಟಿದಾರೆ. ನಾವು ಸಕ್ಕರೆ ಅಚ್ಚಿನ ಜೊತೆ ಮನೆ ಬಾಗ್ಲಿಗೇ ಕೊಟ್ಟಿದೀವಿ." ಮರುದಿನ ನಿರ್ದೇಶಕರಿಗೆ ಅವರೇ ತಿಳಿಸಿದರು. ನಿರ್ದೇಶಕರದು ಒಂದೇ ಮಾತು: ಮೊದಲು ಬೀಜ ಹಿಂದಕ್ಕೆ ತನ್ನಿ, ಆಮೇಲೆ ಇವಳು ಇಲ್ಲಿರಬೇಕೋ ಬೇಡವೋ ನೋಡೋಣ.

ತರುವುದು ಹೇಗೆ? "ಬೀರಿದ ಎಳ್ಳನ್ನ ವಾಪಸ್ ಕೇಳೋದಾ? ಮುತ್ತೈದೇರ ಮನೇಗೆ ಹೋಗಿ ನಾನು ಆ ಮಾತಾಡಲ್ಲ" ಎಂದು ಶೇಷಮ್ಮ ಖಡಾಖಂಡಿತವಾಗಿ ಹೇಳಿದರು. ಆಮೇಲೆ ದಾರಿಯನ್ನೂ ಅವರೇ ತೋರಿಸಿದರು. ರಥಸಪ್ತಮಿಯವರೆಗೂ ಎಳ್ಳು ಬೀರಬಹುದಂತೆ. ನಾವು ಹೊಸದಾಗಿ ಬೀರಿದರೆ ಅವರು ತಮ್ಮ ಡಬ್ಬಿಯಿಂದ ತಿರುಗಿ ಕೊಡಲೇಬೇಕಂತೆ. ಎಲ್ಲರ ಮನೆಯಲ್ಲೂ ಬಂದ ಎಳ್ಳನ್ನೆಲ್ಲ ಒಂದೇ ಡಬ್ಬಿಗೆ ಸುರಿದಿರುತ್ತಾರೆ. ಅದರಲ್ಲಿ ನಮ್ಮದೂ ಇರುತ್ತದೆ.

ಹೀಗೆ ನಾನು ಶೇಷಮ್ಮನವರ ಮಗಳ ರೇಷ್ಮೆ ಸೀರೆ ಉಟ್ಟು, ಮೇಡಂ ತಮ್ಮ ಮದುವೆಯ ಸೀರೆ ಉಟ್ಟು, ತಟ್ಟೆ ಹಿಡಿದು ಹೊರಟೆವು. ಮೇಡಂ ಪ್ರತಿ ಮನೆಯಲ್ಲೂ, "ಸ್ವಲ್ಪ ತಳದಿಂದ ಕಲಸಿ ಕೊಡ್ತೀರಾ?" ಎಂದು ಕೇಳುತ್ತಿದ್ದರು. ಜನ ನನ್ನನ್ನು ನೋಡಿ, ಹುಡುಗಿಯನ್ನು ತೋರಿಸಲು ಕರೆತಂದಿದ್ದಾರೆಂದು ತಿಳಿದರು. ಒಂದು ಮನೆಯಲ್ಲಿ ಜಾತಕ ಕೇಳಿದರು. ಇನ್ನೊಂದರಲ್ಲಿ ಹಾಡಿಸಿದರು. ಹಾಡಿದೆ ಮಾವ, ಎರಡು ಹೋಳು ಬೀಜಕ್ಕಾಗಿ ಹಾಡಿದೆ.

ಮರ್ಫಿ ಟೌನಿನ ಮುನಿರಾಜಪ್ಪ ಎಂಬ ಬಡಗಿ, ಶೇಷಮ್ಮನವರ ಮನೆಯ ಕಿಟಕಿ ಬಾಗಿಲು ಮಾಡಿದವರು, ಬಾಗಿಲಲ್ಲೇ ಶುರು ಮಾಡಿದರು. "ಏನಮ್ಮಾ, ಈ ಸಲ ಹಸೀ ಬೀಜ ಹಾಕವ್ರೆ ಅಯ್ನೋರು? ನಮ್ಮುಡ್ಗಿ ಒಂದೊಂದೇ ಆರ್ಸಿ ಮಡಗವ್ಳೆ, ಹುರ್ಕೊಂಡ್ ತಿನ್ನಣ ಅಂತ." ಒಲೆಯ ಮೇಲೆ ಬಾಣಲೆ ಕಾಯುತ್ತಿತ್ತು. ಮೇಡಂ ಚಪ್ಪಲಿ ಕೂಡ ಬಿಡದೆ ಒಳಗೆ ಓಡಿದರು. ಹಸಿ ಬೀಜದ ವಿಷಯ ಹೀಗೆ ಊರಿಗೆಲ್ಲ ತಿಳಿದು ಶೇಷಮ್ಮ ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ.

ಪಕ್ಕದ ಮನೆಯ ಬದ್ರುನ್ನೀಸಾ ಆಂಟಿ, "ಅರೆ ಬೇಟಿ, ಕಚ್ಚಾ ಇತ್ತಲ್ಲ, ಗಿಳಿಗೆ ಹಾಕ್ದೆ. ಒಂದು ತಿಂತು, ಬಾಕಿ ನಮ್ಮ ಮೇಲೇ ಎಸೀತು" ಎಂದರು. ಎಸೆದದ್ದನ್ನು ಮಂಚದ ಕೆಳಗಿಂದ ಹೆಕ್ಕಿದೆವು. ವೆಂಕಟಸುಬ್ಬಯ್ಯನವರು ತಮ್ಮ ಪಾಲನ್ನು ಆಗಲೇ ತಿಂದಿದ್ದರು. ವಿಷಯ ತಿಳಿದ ಮೇಲೆ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ನಾಲಿಗೆ ಚಾಚುತ್ತಾರೆ. "ನೀಲಿ ಏನೂ ಇಲ್ಲ ಅಲ್ವೇನಮ್ಮಾ?" "ಇಲ್ಲ ಅಂಕಲ್." "ಗಿಳಿ ಹೇಗಿದೆ?" "ಚೆನ್ನಾಗಿದೆ." "ಹಾಗಿದ್ರೆ ಸರಿ" ಎಂದು ಕಾಫಿಗೆ ಕೂರುತ್ತಾರೆ.

ಸಿಕ್ಕಿದ ಹಸಿ ಹೋಳುಗಳಲ್ಲಿ ಬೇರೆ ಮನೆಗಳವೂ ಸೇರಿದ್ದವು. ಗ್ಯಾಸ್ ಮುಗಿದದ್ದು ಶೇಷಮ್ಮನವರಿಗೊಬ್ಬರಿಗೇ ಅಲ್ಲ ಎಂದು ಆಗ ಗೊತ್ತಾಯಿತು. ನಮ್ಮದು ಯಾವುದು, ಊರಿನದು ಯಾವುದು ಎಂದು ಕಣ್ಣಿಗೆ ತಿಳಿಯುವಂತಿಲ್ಲ. ಒಂದೊಂದು ಹೋಳಿನ ತುದಿಯಿಂದ ಚಿಕ್ಕ ಚೂರು ಕೆತ್ತಿ ದ್ರಾವಣದಲ್ಲಿಟ್ಟೆವು. ಬೆಳಿಗ್ಗೆ ಬಂದು ನೋಡಿದರೆ ಕೆಲವು ಹಾಗೇ ಬಿಳಿಚಿಕೊಂಡಿವೆ, ಉಳಿದವು ನೀಲಿ. ಮಾವ, ಅಂಥ ನೀಲಿಯನ್ನು ನಾನು ನೋಡಿರಲಿಲ್ಲ. ಮೇಡಂ, ನಾನು ಇಬ್ಬರೂ ತಬ್ಬಿಕೊಂಡು ಅತ್ತೆವು. ಚೂರು ನೀಲಿಯಾದ ಹೋಳುಗಳಲ್ಲಿ ಮೊಳಕೆಯ ತುದಿ ಅಂಟಿಕೊಂಡಿದ್ದವನ್ನೆಲ್ಲ ಕುಂಡದಲ್ಲಿ ಊರಿದ್ದೇವೆ.

ಆದರೆ ಎಣ್ಣೆ ತೆಗೆದು ನೋಡುವಷ್ಟು ಬೀಜ ಉಳಿಯಲಿಲ್ಲ. ಇದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಸಮಿತಿ ಕೂಡುವವರೆಗೂ ನನ್ನ ಕೆಲಸದ ಗತಿ ಗೊತ್ತಿಲ್ಲ.

ನಿಮ್ಮ ಚೀಲ ತಲುಪಿತು. ಎಳ್ಳು ಹಿಂದಕ್ಕೆ ಕೊಟ್ಟ ಪ್ರತಿ ಮನೆಗೂ ಶೇಷಮ್ಮ ಅದರಿಂದ ಹುರಿದ ಶೇಂಗಾ ಕಳಿಸಿದರು. ಚೆನ್ನಾಗಿ ಹುರಿದದ್ದೆಂದು ಬಾಯಿಬಿಟ್ಟು ಹೇಳಿ ಕಳಿಸಿದರು.

ಶಿವಲೀಲಾ


ಗದಗ
೪ ಫೆಬ್ರವರಿ ೧೯೯೯

ಚಿ. ಶಿವಲೀಲಾಗೆ,

ಗಿರಣಿಯಲ್ಲಿ ಓದಿಸಬೇಡ ಎಂಬುದು ಪತ್ರದ ಎರಡನೇ ಸಾಲಿನಲ್ಲಿತ್ತು. ಅಷ್ಟು ಹೊತ್ತಿಗೆ ಪ್ರವೀಣ ಗಟ್ಟಿಯಾಗಿ ಶುರು ಮಾಡಿದ್ದ, ಹಮಾಲರು ನಿಲ್ಲಿಸಗೊಡಲಿಲ್ಲ. ನೀನು ಹಾಡಿದ್ದು ಕೇಳಿ ಅತ್ತೆಗೆ ಸಮಾಧಾನವಾಯಿತು. ಗಿಳಿ ಹೇಗಿದೆ ಎಂದು ಪೇಟೆಯಲ್ಲಿ ದಿನಾ ಕೇಳುತ್ತಾರೆ, ತಿಳಿಸು.

ನೀಲಿಯಾದದ್ದು ಸಂತೋಷ. ಆದರೆ ನಾನು ವ್ಯಾಪಾರಸ್ಥ. ನೀಲಿ ಬಣ್ಣವನ್ನು ಯಾರೂ ಒಗ್ಗರಣೆಗೆ ಹಾಕುವುದಿಲ್ಲ. ಎಣ್ಣೆ ಎಲ್ಲಿ? ಮಾತು ಎಣ್ಣೆಯದಾಗಿತ್ತು. ಯುಗಾದಿ ದೂರವಿಲ್ಲ. ಅತ್ತೆ ಸೀರೆ ನೋಡಲು ಹುಬ್ಬಳ್ಳಿಗೆ ಹೋಗಬೇಕೆನ್ನುತ್ತಿದ್ದಾಳೆ.

ನಿನ್ನ ಪತ್ರ ಬಂದರೆ ಪ್ರವೀಣನೇ ಅಂಚೆಯವನ ಕೈಯಿಂದ ಕಸಿದುಕೊಂಡು ಒಡೆಯುತ್ತಾನೆ. ಪತ್ರ ಬರದ ದಿನ ನನ್ನನ್ನೇ, "ಗೆದ್ದಳೇನಪ್ಪಾ, ಎಣ್ಣಿ ಬಂತೇನು?" ಎಂದು ಕೇಳುತ್ತಾನೆ. ಇನ್ನೂ ಬಂದಿಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ನಿನ್ನ ಕಷ್ಟಕ್ಕೆ ಅಷ್ಟು ಮರುಗುತ್ತಾನೆ, ಪಾಪ.

ಸಂಗನಬಸಪ್ಪ


ಹಲಸೂರು
೫ ಮಾರ್ಚ್ ೧೯೯೯

ಪ್ರೀತಿಯ ಮಾವನಿಗೆ,

ಸಮಿತಿ ಕೂತು ಎದ್ದಿತು. ಮೊದಲು ಬೈದರು. ಲಿಖಿತವಾಗಿ ಎಚ್ಚರಿಕೆ ಕೊಟ್ಟರು, ಅದಕ್ಕೆ ನಾನು ತಕ್ಕವಳೇ. ಅಧ್ಯಕ್ಷರು ದೊಡ್ಡ ವಿಜ್ಞಾನಿ, ಬಹಳ ಗಂಭೀರ ಮನುಷ್ಯ. ಕನ್ನಡಕ ತೆಗೆದು, "ಆ ಗಿಳಿ?" ಎಂದು ಕೇಳಿದರು. ಆರೋಗ್ಯವಾಗಿದೆ, ಮೊದಲಿಗಿಂತ ಜಾಸ್ತಿ ಬೈಯುತ್ತದೆ ಎಂದೆ.

ಆಮೇಲೆ ಮೊಳೆತ ಗಿಡಗಳನ್ನು ತೋರಿಸಿದೆವು. ಐದು ಗಿಡ ಬಂದಿವೆ. ಎಲೆಯ ಚೂರು ನೆನೆಹಾಕಿದರೆ ಬಿಳಿ, ಬೇರು ಬಿಳಿ. ಬೀಜದ ಹೋಳು ಮಾತ್ರ ನೀಲಿ. ಬೀಜ ಯಾವುದೆಂದು ನಮಗೇ ಗೊತ್ತಿಲ್ಲದೆ, ಊರವರ ಶೇಂಗಾದ ನಡುವಿನಿಂದ ಹುಡುಕಿ ತೆಗೆದೆವಲ್ಲ, ಅದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಬೇಕಿಲ್ಲ ಎಂದರು. ಆದರೆ ಇನ್ನೊಮ್ಮೆ ಹೀಗೆ ಪರೀಕ್ಷೆ ಮಾಡಬೇಡಿ ಎಂದೂ ಹೇಳಿದರು. ನನ್ನ ಫೆಲೋಶಿಪ್ ಒಂದು ವರ್ಷ ಮುಂದುವರಿಯಿತು.

ಎಣ್ಣೆಯ ಪರೀಕ್ಷೆ ಈ ಗಿಡಗಳು ಕಾಯಿ ಬಿಟ್ಟು ಬಲಿತ ಮೇಲೆ, ಅಂದರೆ ಜೂನ್ ಹೊತ್ತಿಗೆ. ಯುಗಾದಿಯೊಳಗೆ ನಿಮಗೆ ತೋರಿಸಲು ನನ್ನ ಹತ್ತಿರ ಒಂದು ಹನಿ ಎಣ್ಣೆಯೂ ಇಲ್ಲ. ಆಡಿದ ಮಾತಿನ ಪ್ರಕಾರ ನಾನು ಸೋತೆ.

ನನಗೆ ಬರುವ ಮನಸ್ಸಿಲ್ಲ ಮಾವ. ಪ್ರವೀಣ ಒಳ್ಳೆಯವನು. ನಾವಿಬ್ಬರೂ ಒಂದೇ ಸೈಕಲ್ಲಿನಿಂದ ಬಿದ್ದು ದೊಡ್ಡವರಾದವರು, ಅವನನ್ನು ಗಂಡನೆಂದು ನೆನೆಸಿಕೊಂಡರೆ ನನಗೆ ನಗು ಬರುತ್ತದೆ, ಆಮೇಲೆ ಅಳು. ಈ ಐದು ಗಿಡಗಳನ್ನು ಬೇರೆಯವರ ಕೈಗೆ ಕೊಟ್ಟು ಬಸ್ಸು ಹತ್ತುವುದನ್ನು ನೆನೆದರೂ ಅಳುವೇ. ಆದರೆ ಅವ್ವ ಹೋದ ಮೇಲೆ ಓದಿಸಿದವರು ನೀವು. ಬಾ ಎಂದು ಒಂದು ಸಾಲು ಬರೆದರೆ ಬರುತ್ತೇನೆ, ಮುಖ ಊದಿಸಿಕೊಂಡಾದರೂ ಬರುತ್ತೇನೆ.

ಶಿವಲೀಲಾ


ಗದಗ
೧೧ ಮಾರ್ಚ್ ೧೯೯೯

ಮಗಳೇ,

ಈ ಸಲ ಪತ್ರವನ್ನು ಪ್ರವೀಣನ ಕೈಗೆ ಕೊಡದೆ, ಕನ್ನಡಕ ರಿಪೇರಿ ಮಾಡಿಸಿಕೊಂಡು ನಾನೇ ಓದಿದೆ. ಎರಡು ದಿನ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ನಿನ್ನ ಅತ್ತೆ ಊಟಕ್ಕೆ ಬಡಿಸುತ್ತಾ, ನಾನು ಏನೂ ಹೇಳುವ ಮೊದಲೇ ಕೇಳಿದಳು. "ನಿಮಗ ಸೊಸಿ ಬೇಕಾಗ್ಯಾಳೋ, ಕೂಸು ಬೇಕಾಗೇತೋ? ಖರೇ ಹೇಳ್ರಿ."

"ಕೂಸು" ಎಂದೆ.

"ಹಂಗಾದ್ರ ಆಕಿನ್ನ ಬಿಡ್ರಿ. ಸೊಸಿ ಮಾಡಿಕೊಂಡ್ರ ಕೂಸು ಹೋಕ್ಕತಿ" ಎಂದಳು. ನಾನು ಉಪ್ಪು ಕೇಳದೆ ಉಂಡೆದ್ದೆ.

ನಿನಗೆ ಹೇಳುತ್ತೇನೆ, ಸಿಟ್ಟಾಗಬೇಡ. ಈ ಮದುವೆಯ ಮಾತು ನಿಮ್ಮಿಬ್ಬರ ಸಲುವಾಗಿ ಎತ್ತಿದ್ದಲ್ಲ. ನೀನು ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ. ನನ್ನ ಜೊತೆ ಜಗಳ ಮಾಡುವವರು ಯಾರೂ ಇಲ್ಲ, ಎಲ್ಲರೂ ಹೂಂ ಎನ್ನುತ್ತಾರೆ. ನಿನ್ನನ್ನು ಕರೆತರಲು ಬೇರೆ ನೆಪ ಹೊಳೆಯಲಿಲ್ಲ, ಪ್ರವೀಣ ಕೈಗೆ ಸಿಕ್ಕ, ಅವನನ್ನೇ ಮುಂದೆ ಮಾಡಿದೆ. ತಪ್ಪಾಯಿತು. ಬಿತ್ತಿದ ಬೆಳೆ ನಿಂತಿರುವಾಗ ಯಾರಾದರೂ ಎದ್ದು ಬರುತ್ತಾರೇನು? ಬರಬೇಡ. ಅಲ್ಲೇ ಇದ್ದು ಎಣ್ಣೆ ತೆಗೆ. ಕಮಟು ಹಿಡಿದರೂ ಹಿಡಿಯಲಿ, ತೆಗೆ.

ಇನ್ನು ಪ್ರವೀಣನ ಸುದ್ದಿ. ಹುಡುಗನ ಎದೆ ಒಡೆದೀತೆಂದು ನನಗೆ ಬಹಳ ಹೆದರಿಕೆಯಿತ್ತು. ಮೊದಲು ಹೊಟ್ಟೆತುಂಬ ಉಣ್ಣಿಸಿ, ಪಕ್ಕದಲ್ಲಿ ಕೂರಿಸಿಕೊಂಡು, ಹೆಗಲ ಮೇಲೆ ಕೈಯಿಟ್ಟು, ಶಿವಲೀಲಾ ಬರುವುದಿಲ್ಲಪ್ಪಾ, ಮದುವೆ ಇಲ್ಲ, ಗಂಡಸು ಮನಸ್ಸು ಗಟ್ಟಿ ಮಾಡಿಕೋಬೇಕು ಎಂದೆ. ಅವನು ಎದ್ದು ನಿಂತು, "ಖರೇನಾ ಅಪ್ಪಾ?" ಎಂದ. ಖರೆ ಎಂದೆ. ಗಿರಣಿಯ ಅಂಗಳಕ್ಕೆ ಓಡಿಹೋಗಿ ಹಮಾಲರ ಜೊತೆ ಕುಣಿದ. ಇಡೀ ಪೇಟೆಗೆ ಪೇಢೆ ಹಂಚಿದ. ಜ್ವರ ಬಂದಿದ್ದು, ದನಿ ನಡುಗಿದ್ದು ಎಲ್ಲಾ ಯಾಕೆಂದು ನನಗೆ ಈಗ ತಿಳಿಯಿತು.

ಬೇಡವಾಗಿದ್ದರೆ ಬೇಡವೆನ್ನಲಿ, ಅದು ಅವನಿಷ್ಟ. ಆದರೆ ಅಷ್ಟು ಖುಷಿಪಡುವುದೇ? ಪೇಢೆ ಹಂಚುವುದೇ? ನಮ್ಮ ಹುಡುಗಿಗೆ ಏನು ಕಡಿಮೆಯಾಗಿದೆ? ನಿನ್ನ ಪರವಾಗಿ ನಾನು ಅವನ ಜೊತೆ ಮಾತು ಬಿಟ್ಟಿದ್ದೇನೆ. ನೀನೂ ಬಿಡು.

ನಿನ್ನ ಮಾವ
ಸಂಗನಬಸಪ್ಪ